ಕಡಲಗಳ್ಳರ ಸಿನಿಮಾದಲ್ಲಿ ಬಾಳಪ್ಪ ಮಾಡಿಸಿದ ಲಗ್ನ

ಕಳೆದ ಶ್ರಾವಣದಲ್ಲಿ ಗೋಕಾಕದಿಂದ ಹುಕ್ಕೇರಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಕುರಿಗಾರ ಬಂದು ನನ್ನ ಬಾಜೂ ಕುಳಿತ. ಹೆಗಲ ಮೇಲೆ ಕಂಬಳಿ, ಕಂಬಳಿಯ ತುಂಬ ಮಳೆ. ಕಿಟಕಿ ತೆರೆದರೆ ಹೊರಗಿನಿಂದ ಎರಚಲು, ಮುಚ್ಚಿದರೆ ಒದ್ದೆ ಉಣ್ಣೆಯ ಆ ವಾಸನೆ. ಒದ್ದೆ ಕಂಬಳಿಯ ವಾಸನೆಗೆ ಯಾರಿಗಾದರೂ ಕುರಿ ನೆನಪಾಗಬೇಕು, ಹೊಲ ನೆನಪಾಗಬೇಕು. ನನಗೆ ಸಮುದ್ರ ನೆನಪಾಗುತ್ತದೆ, ಕಡಲಗಳ್ಳರು ನೆನಪಾಗುತ್ತಾರೆ, ನೆನಪಾದ ಕೂಡಲೇ ಸಿಟ್ಟು ನೆತ್ತಿಗೇರುತ್ತದೆ. ಉಪ್ಪು ಮತ್ತು ಸಿಟ್ಟು ಎರಡನ್ನೂ ಕಡಿಮೆ ಮಾಡಿ ಎಂದು ಡಾಕ್ಟರರು ಹೇಳಿದ್ದಾರೆ. ಉಪ್ಪು ಕಡಿಮೆ ಮಾಡಿದ್ದೇನೆ.

ಅವತ್ತು ಸಿಟ್ಟಿಗೆ ಇನ್ನೊಂದು ಕಾರಣವೂ ತೊಡೆಯ ಮೇಲೇ ಇತ್ತು. ನಾನು ಮ್ಯಾಟ್ರಿಕ್‌ನಲ್ಲಿ ಓದಿದ ಇಂಗ್ಲಿಷ್ ಕಾದಂಬರಿಯನ್ನು ನನ್ನ ತಮ್ಮನ ಮೊಮ್ಮಗಳು ಎಲ್ಲಿಂದಲೋ ಹುಡುಕಿ ತರಿಸಿಕೊಟ್ಟಿದ್ದಳು. ಅದನ್ನು ನಾನು ಕಲಿತ ಹುಕ್ಕೇರಿಯ ಶಾಲೆಗೆ ಕೊಡಲು ಒಯ್ಯುತ್ತಿದ್ದೆ. ಪುಸ್ತಕ ಕೈಸೇರಿ ಒಂದು ತಿಂಗಳಾಗಿತ್ತು. ಕೊನೆಯ ಪ್ರಕರಣವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿ ಮುಗಿಸಿದ್ದೆ. ಕೊನೆಯದನ್ನು ಯಾಕೆ ಓದಿರಲಿಲ್ಲ ಅನ್ನುವುದಕ್ಕೆ ಆ ಮಳೆಗಾಲದ ಕಥೆಯನ್ನೇ ಹೇಳಬೇಕು.

ರಾಜ್ಯ ಒಂದಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಜೂನ್‌ನಲ್ಲಿ ಮ್ಯಾಟ್ರಿಕ್ ರಿಸಲ್ಟ್ ಬಂತು. ಗಣಿತ ಪಾಸು, ಕನ್ನಡ ಪಾಸು, ಇತಿಹಾಸ ಪಾಸು. ಇಂಗ್ಲಿಷ್‌ನಲ್ಲಿ ಇಪ್ಪತ್ತಾರು. ಪಾಸಾಗಲು ಮೂವತ್ತೈದು ಬೇಕು. ಹುಕ್ಕೇರಿ ಪೇಟೆಯಲ್ಲಿ ನಮ್ಮ ಅಪ್ಪನದು ಬೆಲ್ಲದ ಅಡತಿ ಅಂಗಡಿ. ಆತ ಸಿಟ್ಟಾಗಲಿಲ್ಲ, ಅದೇ ಹೆದರಿಕೆಯ ವಿಷಯ. ಕೈಕಾಲು ತೊಳೆದು, ಊಟಕ್ಕೆ ಕೂತು, ಎರಡನೇ ರೊಟ್ಟಿ ಮುರಿಯುತ್ತ ತೀರ್ಪು ಕೊಟ್ಟ.

"ಪಾರೂ, ಅಕ್ಟೋಬರಕ್ಕ ಇನ್ನೊಂದ್ ಸಲ ಕುಂಡರು. ಪಾಸಾದ್ರ ನೀ ಹೇಳಿದ ಟ್ರೇನಿಂಗ್ ಕಾಲೇಜಿಗೆ ಕಳಿಸ್ತೇನಿ. ಇಲ್ಲಾಂದ್ರ ಕುಲಗೋಡದವರು ಒಂದ ಕಾಲಮ್ಯಾಲ ನಿಂತಾರ, ದೀಪಾವಳಿ ಮುಗಿಯೂದ್ರಾಗ ಅಕ್ಕಿಕಾಳ."

ಕುಲಗೋಡದ ಹುಡುಗನನ್ನು ನಾನು ನೋಡಿರಲಿಲ್ಲ. ಕಬ್ಬಿನ ಹೊಲ ಇದೆ, ಎಮ್ಮೆ ಇವೆ, ಹುಡುಗ ಎಲೆ ಅಡಿಕೆ ಸಹ ತಿನ್ನುವುದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ಆತನ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಮದುವೆಯನ್ನು ಜನ್ಮದಲ್ಲಿ ಬೇಡವೆಂದವಳೂ ನಾನಲ್ಲ, ಮುಂದೆ ಆದೆ ಕೂಡ. ಆದರೆ ಆಗ ನನಗೆ ಮಾಸ್ತರಳಾಗುವುದಿತ್ತು. ಖಡು ಹಿಡಿದು ಹಲಗೆಯ ಮೇಲೆ ಬರೆಯಬೇಕು, ನಾನು ಮಾತಾಡಬೇಕು, ನಲವತ್ತು ಜನ ತುಟಿ ಪಿಟ್ಟೆನ್ನದೆ ಕೂತು ಕೇಳಬೇಕು. ನಮ್ಮ ಮನೆಯಲ್ಲಿ ನನ್ನ ಮಾತನ್ನು ಯಾರೂ ಪೂರ್ತಿ ಕೇಳುತ್ತಿರಲಿಲ್ಲ. ಅದಕ್ಕೇ ಇರಬೇಕು ಆ ಆಸೆ.

ಮನೆಯಲ್ಲಿ ನನ್ನ ಪರವಾಗಿ ಯಾರಾದರೂ ಇದ್ದರೆ ಅದು ಗೌರತ್ತಿ, ಅಪ್ಪನ ಅಕ್ಕ. ಒಂಬತ್ತಕ್ಕೆ ಮದುವೆಯಾಗಿ ಹದಿನೈದಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಪರವಾಗಿ ಅಂದೆನಲ್ಲ, ಅದೂ ಅರ್ಧ ಸುಳ್ಳು. ನಾನು ಓದುವುದು ಆಕೆಗೆ ಹೆಮ್ಮೆ, ಕುಲಗೋಡದ ಸಂಬಂಧವೂ ಆಕೆಗೆ ಹೆಮ್ಮೆ. ಎರಡನ್ನೂ ಒಂದೇ ಬಾಯಲ್ಲಿ ಹೊಗಳುತ್ತಿದ್ದಳು. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು.

ಇನ್ನು ಆ ಪುಸ್ತಕ. ಅಯ್ಯೋ ಶಿವನೇ, ಆ ಪುಸ್ತಕ! ಯಾರೋ ಪುಣ್ಯಾತ್ಮರು ಬೋರ್ಡಿನಲ್ಲಿ ಕೂತು, ಹುಕ್ಕೇರಿಯ ಮಕ್ಕಳು ಕಡಲಗಳ್ಳರ ಕಥೆ ಓದಲಿ ಎಂದು ಹಚ್ಚಿದ್ದರು. ಸಮುದ್ರ ನೋಡಿದವರು ನಮ್ಮ ಇಡೀ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ನೀರು ಅಂದರೆ ನಮಗೆ ಘಟಪ್ರಭೆ. ಎಷ್ಟು ಸೊಕ್ಕಿದರೂ ಈ ದಂಡೆಗೆ ನಿಂತರೆ ಆ ದಂಡೆ ಕಾಣುತ್ತದೆ. ಆ ಪುಸ್ತಕದಲ್ಲೋ ಪುಟಕ್ಕೆ ಹತ್ತು ತರದ ಹಗ್ಗ, ಹತ್ತು ತರದ ಹಾಯಿಬಟ್ಟೆ, ಎಡಕ್ಕೊಂದು ಹೆಸರು, ಬಲಕ್ಕೊಂದು ಹೆಸರು. ಹಡಗಿನವರಿಗೆ ಎಡಗೈ ಬಲಗೈ ಅಂದರೆ ತಿಳಿಯುವುದಿಲ್ಲವೇ ಎಂದು ನಾನು ಕ್ಲಾಸಿನಲ್ಲಿ ಕೇಳಿ ಬೆಂಚಿನ ಮೇಲೆ ನಿಂತಿದ್ದೂ ಉಂಟು.

ಕಥೆ ಮಾತ್ರ ಒಳ್ಳೆಯದಿತ್ತು, ಸುಳ್ಳು ಹೇಳಬಾರದು. ಬಂಡೆಗಳಿರುವ ಕಡಲ ದಂಡೆ. ಅಲ್ಲೊಂದು ದೀಪಸ್ತಂಭ. ದೀಪ ಹಚ್ಚುವ ಕೆಲಸದವನಿಗೆ ಒಬ್ಬಳೇ ಮಗಳು. ಚಿನ್ನ ತುಂಬಿದ ಹಡಗೊಂದು ಬರುವ ದಿನ ಕಡಲಗಳ್ಳರು ಬಂದು ಅಪ್ಪನನ್ನು ಕಟ್ಟಿಹಾಕುತ್ತಾರೆ. ದೀಪ ಆರಿಸಿದರೆ ಹಡಗು ಬಂಡೆಗೆ ಬಡಿದು ಒಡೆಯುತ್ತದೆ, ಚಿನ್ನ ಇವರಿಗೆ. ದೀಪ ಹಚ್ಚಿದರೆ ಅಪ್ಪನ ಕುತ್ತಿಗೆ ಹೋಗುತ್ತದೆ. ಕಳ್ಳರ ನಾಯಕನೋ, ಎಂದೋ ಮನೆ ಬಿಟ್ಟು ಹೋದ ಅಪ್ಪನ ತಮ್ಮ, ಅಂದರೆ ಹುಡುಗಿಗೆ ಖಾಸಾ ಕಾಕಾ. ಹುಡುಗಿ ಏನು ಮಾಡಬೇಕು? ಇದನ್ನೆಲ್ಲ ನಮಗೆ ಕಲಿಸುತ್ತಿದ್ದವರು ಬಿಂದು ಮಾಸ್ತರರು.

ಶಾಲೆಗೆಲ್ಲ ಆ ಪುಸ್ತಕದ ಪ್ರತಿ ಒಂದೇ. ಅದು ಮಾಸ್ತರರ ಕೋಟಿನ ಕಿಸೆಯಲ್ಲಿ. ಯಾರ ಕೈಗೂ ಕೊಡುತ್ತಿರಲಿಲ್ಲ. ಓದಿ ಹೇಳುವುದು, ನೋಟ್ಸ್ ಬರೆಸುವುದು, ಮತ್ತೆ ಕಿಸೆಗೆ ಸೇರಿಸುವುದು. ವರ್ಷವೆಲ್ಲ ಬರೆಸಿದ ನೋಟ್ಸ್ ಒಂದು ಕಡೆ ಬಂದು ನಿಂತುಬಿಟ್ಟಿತ್ತು. ದೀಪ ಆರಿದೆ, ಹಡಗು ಹತ್ತಿರ ಬರುತ್ತಿದೆ, ಹುಡುಗಿ ದೀಪಸ್ತಂಭದ ಮೆಟ್ಟಿಲ ಬುಡದಲ್ಲಿ ನಿಂತಿದ್ದಾಳೆ.

"ಸರ್, ಮುಂದ?"

"ಮುಂದಿಂದು ಮುಂದ. ಮೊದಲು ಇಷ್ಟು ಬಾಯಿಪಾಠ ಮಾಡು."

ಮಾರ್ಚ್ ಪರೀಕ್ಷೆಯಲ್ಲಿ ಕೇಳಿದ್ದು ಬರೋಬ್ಬರಿ ಮುಂದಿನದನ್ನೇ. ನಾನು ಹುಡುಗಿಯನ್ನು ಮೆಟ್ಟಿಲ ಬುಡದಲ್ಲೇ ನಿಲ್ಲಿಸಿ ಉತ್ತರಪತ್ರಿಕೆ ಕೊಟ್ಟು ಬಂದಿದ್ದೆ. ಜೂನ್ ಕಳೆದು ಜುಲೈ ಕಳೆದರೂ ಆಕೆ ಅಲ್ಲೇ ನಿಂತಿದ್ದಳು. ಮಳೆ ಮಾತ್ರ ಹಿಡಿದದ್ದು ಬಿಡಲಿಲ್ಲ. ಅಡತಿಯಲ್ಲಿ ಬೆಲ್ಲದ ಪೆಂಟೆಗಳು ನೀರೊಡೆದವು, ನನ್ನ ನೋಟ್‌ಬುಕ್ಕಿನ ಶಾಯಿ ಒಡೆಯಿತು. ಅತ್ತಿ ದಿನಕ್ಕೊಮ್ಮೆ ಕುಲಗೋಡದ ಎಮ್ಮೆಗಳ ಸುದ್ದಿ ಎತ್ತುತ್ತಿದ್ದಳು.

ಶ್ರಾವಣದಲ್ಲಿ ಬಿಂದು ಮಾಸ್ತರರು ಕೊಡೆ ಹಿಡಿದು ನಮ್ಮ ಅಡತಿಗೇ ಬಂದರು. ಗೋಕಾಕ ಫಾಲ್ಸ್‌ಗೆ ಇದೇ ಕಾದಂಬರಿಯ ಇಂಗ್ಲಿಷ್ ಸಿನಿಮಾ ಬಂದಿದೆಯಂತೆ. ರವಿವಾರ ಹಗಲು ಆಟ. ಇಂಗ್ಲಿಷ್‌ನಲ್ಲಿ ಫೇಲಾದ ಎಂಟು ಜನರನ್ನು ತಾವೇ ಕರೆದುಕೊಂಡು ಹೋಗುತ್ತಾರಂತೆ. ಏಳು ಹುಡುಗರು ಮತ್ತು ನಾನು.

"ಸಿನಿಮಾ?" ಅಪ್ಪ ತಕ್ಕಡಿ ಕೆಳಗಿಟ್ಟ. "ಮಾಸ್ತರ್ರ, ನನ್ನ ಮಗಳು ಸಿನಿಮಾಕ್ಕ?"

"ಸಿನಿಮಾ ಅನಬ್ಯಾಡ್ರಿ ಸಾವಕಾರ್ರ, ಪಾಠ ಅನ್ರಿ. ಹುಡುಗೂರು ಮಕ್ಕಳು ಕೂಡಿ ನೋಡೂವಂಥಾದ್ದು. ಒಂದs ದಿನದಾಗ ಇಡೀ ಪುಸ್ತಕ ಮುಗೀತೈತಿ."

ಗೌರತ್ತಿಯನ್ನು ಜೊತೆಗೆ ಕಳಿಸುವ ಕರಾರಿನ ಮೇಲೆ ಅಪ್ಪ ಹ್ಞೂಂ ಅಂದ. ಅತ್ತಿ ಶನಿವಾರವೇ ರೊಟ್ಟಿ ಬಡಿದು ಬುತ್ತಿ ಕಟ್ಟಿದಳು, ಕಾಶಿಗೆ ಹೊರಟವರ ಹಾಗೆ.

ಫಾಲ್ಸ್ ಮುಟ್ಟಿದ್ದು ಬೆಳಗಿನ ಹತ್ತಕ್ಕೆ. ಶ್ರಾವಣದ ಘಟಪ್ರಭೆ ಕೆಂಪಾಗಿ ಬಂಡೆಯಿಂದ ಕೆಳಗೆ ಬೀಳುತ್ತಿತ್ತು. ಪಕ್ಕದವರ ಮಾತು ಪಕ್ಕದವರಿಗೆ ಕೇಳದಷ್ಟು ಸಪ್ಪಳ. ಆಟಕ್ಕೆ ಇನ್ನೂ ಹೊತ್ತಿತ್ತು. ಹೊತ್ತನ್ನು ಹಾಳುಮಾಡುವ ಪೈಕಿಯಲ್ಲ ನಮ್ಮ ಮಾಸ್ತರರು. ಎಂಟೂ ಜನರನ್ನು ಕರೆದುಕೊಂಡು ತೂಗು ಸೇತುವೆಯ ನಡುಮಧ್ಯಕ್ಕೆ ಹೋದರು. ಕೆಳಗೆ ನೀರು ಕುದಿಯುತ್ತಿದೆ, ಸೇತುವೆ ಹೊಯ್ದಾಡುತ್ತಿದೆ, ಮೇಲಿನಿಂದ ಮಳೆ.

"ಹಡಗಿನ ಡೆಕ್ಕು ಹಿಂಗs ಇರತೈತಿ!" ಎಂದು ಕೂಗಿದರು. "ಎಲ್ಲಾರೂ ಒಂದ್ ಸಲ ಎಡಕ್ಕ ವಾಲ್ರಿ! ಈಗ ಬಲಕ್ಕ!"

ಏಳು ಹುಡುಗರೂ ಖುಷಿಯಿಂದ ವಾಲಿದರು. ಸೇತುವೆ ತೂಗಿತು. ಮಾಸ್ತರರ ಮುಖ ಬಿಳಿಚಿತು, ಕೊಡೆ ಕೈಬಿಟ್ಟು ಹೊಳೆಯ ಪಾಲಾಯಿತು. ಎರಡೂ ಕೈಯಲ್ಲಿ ಸರಪಳಿ ಅಪ್ಪಿಕೊಂಡು ನಿಂತವರನ್ನು ಅತ್ತಿ ಬಂದು ರಟ್ಟೆ ಹಿಡಿದು ದಂಡೆಗೆ ಕರೆತಂದಳು. "ಸಮುದ್ರದ ಪಾಠ ಸಾಕ್ರಿ ಮಾಸ್ತರ್ರ, ಸಿನಿಮಾ ತೋರಸ್ರಿ" ಅಂದಳು.

ಸಿನಿಮಾ ಇದ್ದದ್ದು ಹತ್ತಿ ಗಿರಣಿಯ ಚಾಳುಗಳ ಹಿಂದಿನ ಒಂದು ತಗಡಿನ ಶೆಡ್ಡಿನಲ್ಲಿ. ಹಗಲು ಕತ್ತಲೆ ಮಾಡಲು ಕಿಟಕಿ ಬಾಗಿಲಿಗೆಲ್ಲ ಕಂಬಳಿ ಕಟ್ಟಿದ್ದರು. ಅಷ್ಟೂ ಕಂಬಳಿ ಒದ್ದೆ. ಒಳಗೆ ಪಾಳಿ ಮುಗಿಸಿ ಬಂದ ಗಿರಣಿ ಮಂದಿ, ತಲೆಗೂದಲಲ್ಲಿ ಹತ್ತಿಯ ಎಳೆ. ಆ ಉಣ್ಣೆ, ಆ ಹತ್ತಿ, ಆ ಬೀಡಿ ಎಲ್ಲ ಸೇರಿದ ವಾಸನೆಯಲ್ಲಿ ನಾನು ಮೊದಲ ಸಲ ಸಮುದ್ರ ನೋಡಿದೆ.

ಬಣ್ಣದ ಸಿನಿಮಾ. ಪರದೆಯ ತುಂಬ ನೀಲಿ. ದಂಡೆಯೇ ಇಲ್ಲದ ನೀರು! ಇಷ್ಟೆಲ್ಲ ನೀರು ಜಗತ್ತಿನಲ್ಲಿದೆ, ನಾನು ಮಾತ್ರ ಒಂದು ನೋಟ್‌ಬುಕ್ ಹಿಡಿದು ಕೂತಿದ್ದೇನೆ ಅನ್ನಿಸಿ ಯಾಕೋ ಅಳು ಬಂತು. ಆ ಅಳು ಒಂದು ನಿಮಿಷ ಸಹ ನಿಲ್ಲಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಬಾಳಪ್ಪ ಬಾಯಿ ತೆರೆದ.

ಆ ಶೆಡ್ಡಿನ ಪದ್ಧತಿ ಹಾಗಿತ್ತು. ಇಂಗ್ಲಿಷ್ ಮಾತು ಯಾರಿಗೂ ತಿಳಿಯುವುದಿಲ್ಲ, ಮಳೆಗಾಲದಲ್ಲಿ ಧಬಧಬೆಯ ನೀರು ಬೀಳುವ ಸಪ್ಪಳಕ್ಕೆ ಅದು ಕೇಳುವುದೂ ಇಲ್ಲ. ಹಾಗಾಗಿ ಪರದೆಯ ಬಾಜೂ ಸ್ಟೂಲಿನ ಮೇಲೆ ಒಬ್ಬಾತ ನಿಂತು, ತಗಡಿನ ಭೋಂಗಾ ಬಾಯಿಗಿಟ್ಟುಕೊಂಡು, ಕಥೆಯನ್ನು ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಆತನೇ ಬಾಳಪ್ಪ. ಮೂವತ್ತು ವರ್ಷ ಸಣ್ಣಾಟದಲ್ಲಿ ರಾಜನ ಪಾತ್ರ ಮಾಡಿದವನು, ಹಲ್ಲು ಬಿದ್ದ ಮೇಲೆ ಈ ಕೆಲಸ ಹಿಡಿದವನು. ಇಂಗ್ಲಿಷ್ ಒಂದಕ್ಷರ ಬಾರದು. ಅದರಿಂದ ಆತನಿಗೆ ಯಾವ ತೊಂದರೆಯೂ ಇರಲಿಲ್ಲ.

"ನೋಡ್ರಪೋ! ಇಂವಾ ಸಮುದ್ರಪ್ಪ ನಾಯಕ! ಏಳು ಸಮುದ್ರದ ಗೌಡ! ಈಕಿ ಚಂದ್ರವ್ವ, ತಾಯಿಲ್ಲದ ತಬ್ಬಲಿ!"

ಬಿಂದು ಮಾಸ್ತರರು ಎದ್ದು ನಿಂತರು. "ಹಂಗಲ್ಲರೀ, ಪುಸ್ತಕದಾಗ ಆಕಿ ಹೆಸರು ಬ್ಯಾರೆ ಐತಿ!"

"ಮಾಸ್ತರ್ರ, ಕುಂಡರ್ರಿ! ತಲಿ ಅಡ್ಡ ಬರಾಕತ್ತೈತಿ!" ಎಂದು ಹಿಂದಿನಿಂದ ಗಿರಣಿ ಮಂದಿ.

ಕೂತರು, ಮತ್ತೆ ಎದ್ದರು. ಕೇವಲ ಬಾಳಪ್ಪನ ಜೊತೆ ಜಗಳವಾಗಿದ್ದರೆ ಸಹಿಸಬಹುದಿತ್ತು. ಸಿನಿಮಾದ ಜೊತೆಗೂ ಜಗಳ. ಪುಸ್ತಕದಲ್ಲಿ ನಾಯಕನಿಗೆ ಗಡ್ಡ ಇದೆ, ಇಲ್ಲಿ ಇಲ್ಲ. ಪುಸ್ತಕದಲ್ಲಿ ನಾಯಿ ಇಲ್ಲ, ಇಲ್ಲಿ ನಾಯಿ ಯಾಕೆ ಬಂತು? ಚಿನ್ನದ ಹಡಗಿನ ಚೆಲುವ ಅಧಿಕಾರಿ ಮೂರನೇ ಪ್ರಕರಣಕ್ಕೆ ಬರಬೇಕು, ಈಗಲೇ ಯಾಕೆ ಬಂದ? ನನ್ನ ಎಡಕಿವಿಗೆ ಮಾಸ್ತರರ ಕಥೆ, ಬಲಕಿವಿಗೆ ಬಾಳಪ್ಪನ ಕಥೆ, ಕಣ್ಣಿಗೆ ಮೂರನೆಯದು. ಇವುಗಳಲ್ಲಿ ಯಾವುದನ್ನು ಅಕ್ಟೋಬರಿನಲ್ಲಿ ಬರೆಯಲಿ ಶಿವನೇ? ಹಣೆ ಹಣೆ ಬಡಿದುಕೊಂಡೆ.

ಮಧ್ಯಂತರಕ್ಕೆ ಕಂಬಳಿ ಸರಿಸಿ ಬೆಳಕು ಬಿಟ್ಟರು. ಹೋಗಿ ಹೋಗಿ ನಮ್ಮ ಅತ್ತಿ ಬುತ್ತಿ ಬಿಚ್ಚಿದ್ದು ಬಾಳಪ್ಪನ ಸ್ಟೂಲಿನ ಮುಂದೆ. ಚೀರಿ ಚೀರಿ ಮುದುಕನ ಗಂಟಲು ಒಣಗಿದೆ ಎಂದು ಕನಿಕರ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಕೈಗಿಟ್ಟು ಕೇಳಿದಳು, "ಯಾವೂರ್ರಿ ಅಣ್ಣಾರ?"

"ಕುಲಗೋಡರೀ ತಂಗೀ."

ನನ್ನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಅತ್ತಿ ಸುಮ್ಮನಿರುವವಳೇ? ಯಾವ ಓಣಿ, ಯಾವ ಮನೆತನ, ಎತ್ತ ಏನು ಎಲ್ಲ ಕೆದಕಿದಳು. ಕೆದಕಿ ಕೆದಕಿ ಬಂದದ್ದೇನೆಂದರೆ, ನನಗೆ ಗೊತ್ತು ಮಾಡುತ್ತಿದ್ದ ಹುಡುಗನಿಗೆ ಈ ಬಾಳಪ್ಪ ಸ್ವಂತ ಸೋದರಮಾವ.

"ಹೌದೇನ್ರಿ! ನೋಡ್ರಿ, ಇಕೀನ ನಮ್ಮ ಪಾರವ್ವ, ನಿಮ್ಮ ಮನಿಗೇ ಬರೂವಾಕಿ!" ಅತ್ತಿಯ ಮುಖ ಊರಗಲ. ಬಾಳಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೊಚ್ಚುಬಾಯಿ ತುಂಬ ನಕ್ಕು, ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ. ಏಳೂ ಹುಡುಗರು ಕಿಸಕ್ಕೆಂದರು. ಅವತ್ತೇ ಭೂಮಿ ಬಾಯ್ದೆರೆದಿದ್ದರೆ ನಾನು ಬೇಕಾದರೆ ಇಂಗ್ಲಿಷ್ ನೋಟ್‌ಬುಕ್ ಸಮೇತ ಒಳಗೆ ಹೋಗುತ್ತಿದ್ದೆ.

ಎರಡನೇ ಭಾಗದಲ್ಲಿ ಬಾಳಪ್ಪನಿಗೆ ಹೊಸ ಹುರುಪು. ನಾನು ಮಾತ್ರ ಕಿವಿ ಎರಡನ್ನೂ ಬಂದ್ ಮಾಡಿ ಕಣ್ಣಿಟ್ಟು ನೋಡತೊಡಗಿದೆ. ಅಪ್ಪನನ್ನು ಕಟ್ಟಿದರು. ದೀಪ ಆರಿತು. ಹಡಗು ಬರುತ್ತಿದೆ. ಹುಡುಗಿ ಮೆಟ್ಟಿಲ ಬುಡದಲ್ಲಿ ನಿಂತಳು. ನಾನು ಬಲ್ಲ ಕಥೆ ಇಲ್ಲಿಗೆ ಮುಗಿಯಿತು. ನೋಟ್‌ಬುಕ್ ಮುಚ್ಚಿ ಕೂತೆ. ಕಾಕಾ ಬಂದ, ಅಣ್ಣನ ಹಗ್ಗ ಕೊಯ್ದ, ಹುಡುಗಿಯ ಮುಖವನ್ನು ಒಮ್ಮೆ ನೋಡಿದ, ತನ್ನ ಮಂದಿಯನ್ನು ಹಡಗಿಗೆ ತುಂಬಿಕೊಂಡು ಹೊರಟುಹೋದ. ಹುಡುಗಿ ಕೈಯಲ್ಲಿ ಪಂಜು ಹಿಡಿದು ಮೆಟ್ಟಿಲು ಹತ್ತಿದಳು. ಸುತ್ತಿ ಸುತ್ತಿ ಹತ್ತಿದಳು. ಗಾಳಿಗೆ ಪಂಜು ಆರುವಂತಾದರೆ ಮೈ ಅಡ್ಡ ಹಿಡಿದು ಹತ್ತಿದಳು. ಮೇಲೆ ಹೋಗಿ ತಾನೇ ದೀಪ ಹಚ್ಚಿದಳು. ಕಡಲಿಗೆಲ್ಲ ಬೆಳಕಾಯಿತು. ದೂರದಲ್ಲಿ ಕಾಕಾ ಟೊಪ್ಪಿಗೆ ಎತ್ತಿ ಬೀಸಿದ. ಹುಡುಗಿ ಒಬ್ಬಳೇ ಮೇಲೆ ನಿಂತಿದ್ದಳು. ಅಲ್ಲಿಗೆ ಮುಗಿಯಿತು.

ಆದರೆ ಸಣ್ಣಾಟದಲ್ಲಿ ಬೆಳೆದವರಿಗೆ ಹಾಗೆ ಮುಗಿದರೆ ನಡೆಯುವುದಿಲ್ಲ. ಮಂಗಳ ಹಾಡದೆ ಆಟ ಮುಗಿಸಿದರೆ ನೋಡಿದವರ ಮನೆಗೆ ಒಳ್ಳೆಯದಲ್ಲ ಅಂತ ಅವರ ನಂಬಿಕೆ. ಪರದೆ ಬೆಳ್ಳಗಾಗುತ್ತಿದ್ದ ಹಾಗೇ ಬಾಳಪ್ಪ ಭೋಂಗಾ ಎತ್ತಿದ.

"ಹಿಂಗ ಚಂದ್ರವ್ವ ಲಗ್ನದ ದೀಪಾ ಹಚ್ಚಿದ್ಲು! ಆ ಚೆಲುವ ಸರದಾರ ಯಾರು ಅಂದೀರಿ? ನಮ್ಮ ಕುಲಗೋಡದಾಂವ! ನಾಕ ಮಂದಿ ಕೂಡಿ ಅಕ್ಕಿಕಾಳ ಹಾಕಿದ್ರು, ಚಂದ್ರವ್ವ ಕುಲಗೋಡದ ಸೊಸಿ ಆದ್ಲು! ಮಂಗಳಂ ಜಯ ಮಂಗಳಂ!"

ಗಿರಣಿ ಮಂದಿ ಚಪ್ಪಾಳೆ ಹೊಡೆದರು. ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಏಳು ಹುಡುಗರು ನನ್ನ ಕಡೆ ತಿರುಗಿ ಹಲ್ಲು ಕಿರಿದರು. ನನಗೆ ಏನಾಯಿತೋ, ಬೆಂಚಿನ ಮೇಲೆ ಹತ್ತಿ ನಿಂತೆ.

"ಸುಳ್ಳು! ಆಕಿ ಲಗ್ನಾ ಆಗಿಲ್ಲ! ಒಬ್ಬಾಕಿನ ಹತ್ಯಾಳ, ಒಬ್ಬಾಕಿನ ದೀಪಾ ಹಚ್ಯಾಳ! ನಿಮಗ ಕಣ್ಣ ಕಾಣೂದಿಲ್ಲೇನ್ರಿ?"

ಮುನ್ನೂರು ತಲೆ ನನ್ನ ಕಡೆ ತಿರುಗಿದವು. ಬಾಳಪ್ಪ ಭೋಂಗಾ ಇಳಿಸಿ ನನ್ನನ್ನೇ ನೋಡುತ್ತ ನಿಂತ. ನಾನು ಮಾಸ್ತರರ ಕಡೆ ತಿರುಗಿದೆ. "ಸರ್, ನೀವರೆ ಹೇಳ್ರಿ, ಪುಸ್ತಕದಾಗ ಕಡೀಕ ಏನೈತಿ?"

ಇಡೀ ದಿನ ಎದ್ದು ಎದ್ದು ನಿಂತ ಮನುಷ್ಯ ಈಗ ಏಳಲಿಲ್ಲ. ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು. ಬಾಯಿ ಬಿಟ್ಟದ್ದು ತಿರುಗಿ ಬರುವಾಗ, ಘಟಪ್ರಭಾ ಊರು ದಾಟಿದ ಮೇಲೆ, ಬಸ್ಸಿನಲ್ಲಿ. ಕಿಸೆಯಿಂದ ಪುಸ್ತಕ ತೆಗೆದು, ಮೊದಲ ಸಲ ನನ್ನ ಕೈಗೆ ಕೊಟ್ಟರು.

"ಕಡೀ ಪ್ರಕರಣ ಇಲ್ಲವ್ವಾ ಇದರಾಗ. ಕಪಾಟಿನಾಗ ಗೆದ್ದಲ ತಿಂದಾವ. ನನಗೂ ಗೊತ್ತಿಲ್ಲ. ಅದಕ್ಕs ಸಿನಿಮಾಕ್ಕ ಕರ್ಕೊಂಡ ಬಂದೆ."

ವರ್ಷಗಟ್ಟಲೆ ಕಿಸೆಯಲ್ಲಿ ಬಚ್ಚಿಟ್ಟದ್ದು ಪುಸ್ತಕವನ್ನಲ್ಲ, ಪುಸ್ತಕದಲ್ಲಿ ಇಲ್ಲದ್ದನ್ನು! ಇಂಥ ಮಾಸ್ತರರಿಂದ ಕಲಿತು ನಾನು ಪಾಸಾಗುವುದು ಹೇಗೆ, ಮಾಸ್ತರಳಾಗುವುದು ಹೇಗೆ? ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟು ಕಿಟಕಿಯ ಕಡೆ ತಿರುಗಿದೆ.

ನಾಲ್ಕು ದಿನಕ್ಕೆ ಕುಲಗೋಡದಿಂದ ಹೇಳಿಕೆ ಬಂತು. ಹುಡುಗಿಯ ಬಾಯಿ ಬಹಳ ಉದ್ದ ಇದೆಯಂತೆ. ಸೋದರಮಾವನಿಗೆ ಮುನ್ನೂರು ಮಂದಿಯೊಳಗೆ ಕಣ್ಣು ಕಾಣುವುದಿಲ್ಲವೇ ಅಂದವಳನ್ನು ಮನೆ ತುಂಬಿಸಿಕೊಳ್ಳುವುದು ಸಾಧ್ಯವಿಲ್ಲವಂತೆ. ಅಪ್ಪ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ಅತ್ತಿಯ ಮುಂದೆ ಹೇಳಿದ್ದು ಪಡಸಾಲೆಯಲ್ಲಿ ಕೂತ ನನಗೆ ಕೇಳಿತು. "ಇನ್ನ ಚೊಲೊ ಮನಿ ಯಾರೂ ಕೇಳೂದಿಲ್ಲ. ಪಾಸಾಗಲಿಲ್ಲಾಂದ್ರ ಆ ಹತ್ತರಗಿ ಕಡೆಯ ಎರಡನೇ ಸಂಬಂಧಕ್ಕ ಹ್ಞೂಂ ಅಂತೇನಿ. ಬಿಜವರ ಆದ್ರೇನಾತು, ಉಂಡುಟ್ಟು ಇರ್ತಾಳ."

ಆ ಬಿಜವರನಿಗೆ ನಲವತ್ತೆರಡು, ಮೂರು ಮಕ್ಕಳು. ನನಗೆ ಹದಿನೇಳು. ಅವತ್ತು ನನಗೆ ಖರೇ ಹೆದರಿಕೆಯಾಯಿತು. ನೋಟ್‌ಬುಕ್ ತೆರೆದರೆ ಅಕ್ಷರ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕರೆದು, ಹಿಟ್ಟಿನ ಪರಾತ ಕೈಗೆ ಕೊಟ್ಟು ಕೂರಿಸಿಕೊಂಡಳು. ಬೈಗುಳ ಬರುತ್ತದೆಂದು ಕಾದೆ.

"ಖರೆ ಹೇಳ ಪಾರೂ. ನಾ ಆ ಬಾಳಪ್ಪನ ಮಾತs ಕೇಳಕೋತ ಕುಂತಿದ್ದೆ. ಆ ಹುಡುಗಿ ಕಡೀಕ ಏನ್ ಮಾಡಿದ್ಲು?"

"ದೀಪಾ ಹಚ್ಚಿದ್ಲು, ಅತ್ತಿ."

"ಒಬ್ಬಾಕಿನಾ?"

"ಒಬ್ಬಾಕಿನ."

"ಯಾರೂ ಬ್ಯಾಡ ಅನಲಿಲ್ಲ?"

"ಯಾರಿದ್ರು ಬ್ಯಾಡನ್ನಾಕ?"

ಅತ್ತಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕಮಟು ವಾಸನೆ ಬಂದರೂ ತಿರುವಿ ಹಾಕಲಿಲ್ಲ. ಆಮೇಲೆ ನನ್ನ ಕೈಯಲ್ಲಿದ್ದ ಹಿಟ್ಟಿನ ಪರಾತವನ್ನು ಕಸಿದುಕೊಂಡು, "ನಡಿ, ಓದ ನಡಿ. ಅಕ್ಟೋಬರ ತನಕಾ ನೀ ಒಲಿ ಮುಂದ ಬಂದ್ರ ನೋಡು ಮತ್ತ" ಎಂದಳು. ನೀರು, ಮುಸುರೆ, ದನದ ಕಸ, ನನ್ನ ಪಾಲಿನ ಕೆಲಸವನ್ನೆಲ್ಲ ಆ ಎರಡು ತಿಂಗಳು ಆಕೆಯೇ ಮಾಡಿದಳು. ಅಪ್ಪ ಗೊಣಗಿದರೆ ತಿರುಗಿ ಒಂದು ನೋಟ, ಅಷ್ಟೇ. ಅತ್ತಿಯ ಆ ಋಣ ನನ್ನ ಮೇಲಿದೆ, ಬಾಯಿಬಿಟ್ಟು ಒಂದು ದಿನವೂ ಹೇಳಲಿಲ್ಲ.

ಅಕ್ಟೋಬರಿನ ಪರೀಕ್ಷೆ ಬೆಳಗಾವಿಯಲ್ಲಿ. ಇಂಗ್ಲಿಷ್ ಪೇಪರ್ ಕೈಗೆ ಬಂತು. ಕಡೆಯ ಪ್ರಶ್ನೆ, ಎಲ್ಲಕ್ಕಿಂತ ಹೆಚ್ಚು ಅಂಕದ್ದು: ಕಥೆ ಹೇಗೆ ಮುಗಿಯುತ್ತದೆ, ಆ ಮುಕ್ತಾಯ ನಿಮಗೆ ಸರಿಯೆನಿಸುತ್ತದೆಯೇ, ನಿಮ್ಮ ಮಾತಿನಲ್ಲಿ ಬರೆಯಿರಿ. ಪೆನ್ನು ಹಿಡಿದು ಕೂತೆ. ಮಾಸ್ತರರ ಕೊನೆಗೆ ಗೆದ್ದಲು ಹತ್ತಿತ್ತು. ಬಾಳಪ್ಪನ ಕೊನೆ ಬರೆಯಲು ಕೈ ಬರಲಿಲ್ಲ. ಪುಸ್ತಕದಲ್ಲಿ ಏನಿದೆಯೋ ದೇವರಿಗೇ ಗೊತ್ತು. ನನ್ನ ಎರಡು ಕಣ್ಣಿಂದ ನಾನು ನೋಡಿದ್ದು ಒಂದೇ ಇತ್ತು, ಅದನ್ನೇ ಬರೆದೆ. ಮೂರು ಮೂರು ಪದದ ಚಿಕ್ಕ ಚಿಕ್ಕ ವಾಕ್ಯ. ಸರಿಯೆನಿಸುತ್ತದೆಯೇ ಅಂದದ್ದಕ್ಕೆ ಒಂದೂವರೆ ಪುಟ ಬರೆದೆ.

ಮೂವತ್ತಾರು ಬಂತು. ಬೇಕಾದದ್ದಕ್ಕಿಂತ ಒಂದೇ ಒಂದು ಹೆಚ್ಚು.

ಅಪ್ಪ ಮಾತಿಗೆ ತಪ್ಪಲಿಲ್ಲ. ನನ್ನನ್ನು ಟ್ರೇನಿಂಗ್ ಕಾಲೇಜಿಗೆ ತಾನೇ ಬಿಟ್ಟುಬಂದ. ನಾನು ಮೂವತ್ತೆಂಟು ವರ್ಷ ಖಡು ಹಿಡಿದೆ. ಆದರೆ ಒಂದು ಮುಳ್ಳು ಒಳಗೇ ಉಳಿಯಿತು. ನನ್ನ ಜೊತೆಯ ಏಳು ಹುಡುಗರು ಬಾಳಪ್ಪನ ಲಗ್ನವನ್ನೇ ಬರೆದಿದ್ದರು, ಕುಲಗೋಡವೊಂದನ್ನು ಬಿಟ್ಟು. ಅವರಲ್ಲಿ ಒಬ್ಬನಿಗೆ ಐವತ್ತೆರಡು! ಸ್ವಂತ ಕಣ್ಣಿಂದ ನೋಡಿ ಬರೆದವಳಿಗೆ ಮೂವತ್ತಾರು, ಭೋಂಗಾ ಕೇಳಿ ಬರೆದವನಿಗೆ ಐವತ್ತೆರಡು. ಆ ಪೇಪರ್ ತಿದ್ದಿದವರಿಗೆ ತಲೆ ನೆಟ್ಟಗಿತ್ತೇ ಎಂದು ಅರವತ್ತು ವರ್ಷ ಶಪಿಸಿದ್ದೇನೆ.

ಪುಸ್ತಕ ಕೈಗೆ ಬಂದು ತಿಂಗಳಾದರೂ ಕೊನೆಯ ಪ್ರಕರಣವನ್ನು ತೆರೆಯದಿದ್ದದ್ದು ಇದಕ್ಕೇ. ಕಳೆದ ಶ್ರಾವಣದ ಆ ಬಸ್ಸಿನಲ್ಲಿ, ಆ ಒದ್ದೆ ಕಂಬಳಿಯ ಬಾಜೂ, ಕಡೆಗೂ ತೆರೆದೆ. ಏನಿತ್ತು ಗೊತ್ತೇ? ಹುಡುಗಿ ಮೆಟ್ಟಿಲ ಬುಡದಲ್ಲಿ ಎಚ್ಚರ ತಪ್ಪಿ ಬೀಳುತ್ತಾಳೆ. ಹಡಗಿನ ಆ ಚೆಲುವ ಅಧಿಕಾರಿ ಕಡಲಿಗೆ ಧುಮುಕಿ ಈಜಿ ಬಂದು, ಆಕೆಯ ಕೈಯ ಪಂಜು ತೆಗೆದುಕೊಂಡು, ತಾನು ಹತ್ತಿ ಹೋಗಿ ದೀಪ ಹಚ್ಚುತ್ತಾನೆ. ಕಡೆಯ ಎರಡು ಪುಟದ ತುಂಬ ಲಗ್ನ. ಗಂಟೆ ಬಾರಿಸುತ್ತಾರೆ, ಹೂವು ಎರಚುತ್ತಾರೆ. ಒಂದಕ್ಷರ ಇಂಗ್ಲಿಷ್ ಬಾರದ ಬಾಳಪ್ಪ ಸ್ಟೂಲಿನ ಮೇಲೆ ನಿಂತು ಹೇಳಿದ್ದೇ ಸರಿ. ನಾನು ಬರೆದದ್ದು ಪೂರ್ತಿ ತಪ್ಪು. ಪಾಸು ಮಾಡಿದ ಆ ಪುಣ್ಯಾತ್ಮ ಯಾರೋ, ನನ್ನ ಒಂದೂವರೆ ಪುಟ ಓದಿ ಏನೆಂದುಕೊಂಡನೋ.

ಪುಸ್ತಕವನ್ನು ಕಿಟಕಿಯಿಂದ ಎಸೆಯೋಣ ಅನ್ನಿಸಿತು. ಆ ಗೆದ್ದಲಿಗೆ ಇದ್ದ ಬುದ್ಧಿ ಬರೆದವನಿಗೆ ಇರಲಿಲ್ಲವಲ್ಲ!

"ಭಾಳ ಹೊತ್ತಾತು, ಬಾಯಾಗ ಬೈಯಾಕತ್ತೀರಿ. ಏನ್ ಪುಸ್ತಕರೀ ಅದು ಅಬ್ಬೇ?" ಎಂದ ಬಾಜೂ ಕೂತ ಕುರಿಗಾರ.

ಹುಕ್ಕೇರಿಗೆ ಇನ್ನೂ ಹೊತ್ತಿತ್ತು. ಮುಖ ಒರೆಸಿಕೊಂಡು ಹೇಳತೊಡಗಿದೆ. ಕಡಲು, ಬಂಡೆ, ದೀಪಸ್ತಂಭ, ಕಟ್ಟಿಹಾಕಿದ ಅಪ್ಪ, ಕಳ್ಳನಾದ ಕಾಕಾ. ಆತ ಕಂಬಳಿ ಸರಿಸಿ ನನ್ನ ಕಡೆ ತಿರುಗಿ ಕೂತ. ಮುಂದಿನ ಸೀಟಿನವರೂ ಕತ್ತು ಹೊರಳಿಸಿದರು. ಬಸ್ಸಿನ ಸಪ್ಪಳಕ್ಕೆ ನಾನು ದನಿ ಎತ್ತರಿಸಬೇಕಾಯಿತು.

"ಆಕಿ ಮೆಟ್ಟಲ ಬುಡಕ್ಕ ನಿಂತ್ಲು ಅಂದ್ರಿ. ಕಡೀಕ ಏನಾತ್ರಿ?"

"ಒಬ್ಬಾಕಿನ ಹತ್ತಿ ಹ್ವಾದ್ಲು. ತಾನs ದೀಪಾ ಹಚ್ಚಿದ್ಲು."

"ಆ ಚೆಲುವ ಸರದಾರನ ಕೂಡ ಲಗ್ನಾ ಆಗಲಿಲ್ರಿ?"

ಕಡೆಯ ಪುಟದ ನಡುವೆ ಇನ್ನೂ ನನ್ನ ಬೆರಳಿತ್ತು. ಬೆರಳು ತೆಗೆದು ಪುಸ್ತಕ ಮುಚ್ಚಿದೆ.

"ಇಲ್ಲಪಾ," ಅಂದೆ. "ಹಂಗೇನೂ ಇಲ್ಲ ಇದರಾಗ."